ಸಾಣಾಪುರದ ಸದ್ದಿಗೆ ವಯಸ್ಸೆಷ್ಟು

ಗಂಗಾವತಿ ತಾಲ್ಲೂಕಿನ ಸಾಣಾಪುರಕ್ಕೆ ಎಲೆಕ್ಟ್ರಾನಿಕ್ ಸಂಗೀತ ಬಂದ ಬಗೆಯನ್ನು ವಿಚಾರಿಸಿದರೆ ಸಾಮಾನ್ಯವಾಗಿ ಒಂದೇ ಕಥೆ ಸಿಗುತ್ತದೆ. ಗೋವಾದ ಕಡಲ ದಂಡೆಯಲ್ಲಿ ಬೆಳೆದ ಟ್ರಾನ್ಸ್ ಸಂಗೀತ ಚಳಿಗಾಲದಲ್ಲಿ ಹಂಪಿಗೆ ಬರುತ್ತಿದ್ದ ವಿದೇಶಿ ಪ್ರವಾಸಿಗರ ಜೊತೆ ಹೊಳೆ ದಾಟಿ ವಿರೂಪಾಪುರ ಗಡ್ಡಿಗೆ ಬಂತು. ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರ ಮಾರ್ಚಿನಲ್ಲಿ ಗಡ್ಡಿಯ ರೆಸಾರ್ಟುಗಳನ್ನು ಕೆಡವಿದಾಗ ಅತಿಥಿಗೃಹಗಳ ಜೊತೆಗೆ ಅದೂ ಸಾಣಾಪುರ, ಆನೆಗೊಂದಿಗಳ ಕಡೆಗೆ ಸರಿಯಿತು. ಈ ಕಥೆ ಸುಳ್ಳಲ್ಲ. ಆದರೆ ಇದಿಷ್ಟೇ ಚರಿತ್ರೆ ಎಂದು ಒಪ್ಪಿಕೊಂಡರೆ ಯಂತ್ರದಿಂದ ನಾದ ಹುಟ್ಟಿಸುವ ವಿದ್ಯೆ ಈ ಸೀಮೆಗೆ ಪ್ರವಾಸೋದ್ಯಮದ ಬಾಲ ಹಿಡಿದು ಬಂದದ್ದು, ಊರಿನವರಿಗೆ ಅದರಲ್ಲಿ ಪಾಲೇ ಇಲ್ಲ ಎಂದಾಗುತ್ತದೆ. ನನ್ನ ವಾದ ಬೇರೆ. ಗಡ್ಡಿಯಲ್ಲಿ ಟ್ರಾನ್ಸ್ ಸಂಗೀತ ಮೊಳಗುವ ಮೊದಲೇ ಯಂತ್ರನಾದ ಕರ್ನಾಟಕದ ಊರೂರಿನ ಭಜನಾ ಮಂಡಳಿಗಳಿಗೆ, ಪುರಾಣ ಪ್ರವಚನದ ವೇದಿಕೆಗಳಿಗೆ, ಸಂಗೀತ ಪಾಠಶಾಲೆಗಳಿಗೆ ಇನ್ನೊಂದು ಬಾಗಿಲಿನಿಂದ ಬರತೊಡಗಿತ್ತು. ಆ ಬಾಗಿಲು ಬೆಂಗಳೂರಿನದು, ವರ್ಷ 1979. ಬಂದ ವಸ್ತು ಎಲೆಕ್ಟ್ರಾನಿಕ್ ತಂಬೂರಿ; ಇಲ್ಲಿ ಅದನ್ನು ಶ್ರುತಿಪೆಟ್ಟಿಗೆ ಎಂದೇ ಕರೆಯುತ್ತೇನೆ. ಅದು ಗಾಯಕರ ಹಿಂದೆ, ಜಮಖಾನೆಯ ಅಂಚಿನಲ್ಲಿ ಕೂತುಬಿಟ್ಟಿದ್ದರಿಂದ ಅದನ್ನು ಸಿಂಥಸೈಜರ್ ಎಂದು ಯಾರೂ ಎಣಿಸಲಿಲ್ಲ. ಎಣಿಸಬೇಕು ಎನ್ನುವುದಕ್ಕೆ ಕಾರಣಗಳಿವೆ.

ಮೊದಲು ಮಾಡ್ಯುಲರ್ ಸಿಂಥಸೈಜರ್ ಅಂದರೆ ಏನು ಎಂಬುದನ್ನು ನೇರವಾಗಿ ಹೇಳಿಬಿಡಬೇಕು, ಏಕೆಂದರೆ ವಾದವೆಲ್ಲ ನಿಂತಿರುವುದು ಅದರ ಮೇಲೆ. ಅಮೆರಿಕದ ಪೂರ್ವ ತೀರದಲ್ಲಿ ರಾಬರ್ಟ್ ಮೂಗ್, ಪಶ್ಚಿಮ ತೀರದಲ್ಲಿ ಡಾನ್ ಬುಕ್ಲಾ 1960ರ ದಶಕದ ನಡುವಿನಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದು ಉಪಾಯ ಕಂಡುಕೊಂಡರು. ನಾದಕ್ಕೆ ಬೇಕಾದ ಕೆಲಸಗಳನ್ನು ಬಿಡಿಬಿಡಿ ಪೆಟ್ಟಿಗೆಗಳಿಗೆ ಹಂಚುವುದು: ಕಂಪನ ಹುಟ್ಟಿಸುವ ಆಸಿಲೇಟರ್ ಒಂದು, ಅದರ ಬಣ್ಣವನ್ನು ತಿದ್ದುವ ಫಿಲ್ಟರ್ ಒಂದು, ದನಿ ಎಷ್ಟು ಬೇಗ ಏಳಬೇಕು, ಎಷ್ಟು ನಿಧಾನ ಆರಬೇಕು ಎಂದು ನಿರ್ಧರಿಸುವ ಭಾಗ ಇನ್ನೊಂದು, ಯಾವುದು ಯಾವಾಗ ನುಡಿಯಬೇಕು ಎಂದು ಸರದಿ ಹೇಳುವ ಸೀಕ್ವೆನ್ಸರ್ ಮತ್ತೊಂದು. ಒಂದರ ವಿದ್ಯುತ್ತು ಇನ್ನೊಂದನ್ನು ಆಳುವಂತೆ ಕೇಬಲ್ ಚುಚ್ಚಿ ಜೋಡಿಸುವುದು. ಮೂಗ್ ಪದ್ಧತಿಯಲ್ಲಿ ಒಂದು ವೋಲ್ಟ್ ಏರಿಸಿದರೆ ದನಿ ಒಂದು ಸ್ಥಾಯಿ ಏರುತ್ತದೆ. ಮಂದ್ರದ ಷಡ್ಜ ಮಧ್ಯದ ಷಡ್ಜವಾಗುತ್ತದೆ. ಜೋಡಣೆ ಬದಲಿಸಿದರೆ ವಾದ್ಯವೇ ಬದಲಾದಂತೆ. 1990ರ ದಶಕದ ನಡುವಿನಲ್ಲಿ ಜರ್ಮನಿಯ ಡೀಟರ್ ಡೋಯೆಪ್ಫರ್ ತಂದ ಯೂರೋರ‍್ಯಾಕ್ ಅಳತೆಯಿಂದ ಈ ಪೆಟ್ಟಿಗೆಗಳು ಚಿಕ್ಕದಾಗಿ, ತಕ್ಕಮಟ್ಟಿಗೆ ಅಗ್ಗವಾಗಿ, ಜಗತ್ತಿನ ಎಲ್ಲೆಡೆ ಹವ್ಯಾಸಿಗಳ ಮೇಜಿಗೆ ಬಂದವು. ಇಲ್ಲಿ ಹೊಸತೇನೆಂದರೆ ಸಂಗೀತಗಾರ ಸ್ವರಗಳನ್ನು ಜೋಡಿಸುವುದಕ್ಕೂ ಮೊದಲು ಸ್ವರದ ಒಳಗನ್ನೇ ಕಟ್ಟತೊಡಗಿದ್ದು. ಒಂದು ನಾದ ಹೇಗೆ ಏಳುತ್ತದೆ, ಹೇಗೆ ಹೊಳೆಯುತ್ತದೆ, ಹೇಗೆ ಸಾಯುತ್ತದೆ ಎನ್ನುವುದೇ ಕೃತಿಯ ವಸ್ತುವಾಯಿತು.

ಭಾರತದಲ್ಲಿ ಈ ಯಂತ್ರದ ಕಥೆಯನ್ನು ಈಚೆಗೆ ಎಲ್ಲರೂ ಅಹಮದಾಬಾದಿನಿಂದ ಶುರುಮಾಡುತ್ತಾರೆ. ಅದಕ್ಕೆ ಆಧಾರ ಗಟ್ಟಿಯಾಗಿಯೇ ಇದೆ. 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲಿ ಮೂಗ್ ಸಿಂಥಸೈಜರ್ ಬಂತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಸ್ಟುಡಿಯೋ ಕಟ್ಟಲು ನೆರವಾದರು. ಹಿಂದೆ ನಿಂತವರು ಸಾರಾಭಾಯಿ ಕುಟುಂಬದವರು. ಅವರಲ್ಲಿ ಗೀತಾ ಸಾರಾಭಾಯಿ 1946ರಲ್ಲೇ ನ್ಯೂಯಾರ್ಕಿಗೆ ಹೋಗಿ, ಜಾನ್ ಕೇಜ್‌ಗೆ ಭಾರತೀಯ ಸಂಗೀತದ ಪಾಠ ಹೇಳಿ, ಅವರಿಂದ ಪಶ್ಚಿಮದ ಪಾಠ ಹೇಳಿಸಿಕೊಂಡು ಬಂದವರು. ಗೀತಾ ಅವರ ಜೊತೆ ಅತುಲ್ ದೇಸಾಯಿ, ಐ.ಎಸ್. ಮಾಥುರ್, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಮುಂತಾದವರು ಆ ಯಂತ್ರದ ಮೇಲೆ ಕೆಲಸ ಮಾಡಿದರು. 1972ರ ಹೊತ್ತಿಗೆ ಅದೆಲ್ಲ ಮುಗಿದಿತ್ತು. ಟೇಪುಗಳು ಸಂಸ್ಥೆಯ ಕಪಾಟಿನಲ್ಲಿ ದಶಕಗಟ್ಟಲೆ ಮಲಗಿದ್ದವು. ಲಂಡನ್ನಿನ ಕಲಾವಿದ ಪಾಲ್ ಪರ್ಗಸ್ ಅವನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ ಆಯ್ದ ಕೃತಿಗಳು ಹೊರಬಂದವು. ಕೇಳಿದರೆ ಆ ಧೈರ್ಯಕ್ಕೆ ಮೆಚ್ಚುಗೆ ಮೂಡುತ್ತದೆ. ಆದರೆ ಚರಿತ್ರೆಯ ಪ್ರಶ್ನೆ ಕೇಳಬೇಕಾದದ್ದು ಹೀಗೆ: ಆ ಯಂತ್ರಕ್ಕೆ ಸಂತತಿ ಉಂಟೇ? ಇಲ್ಲ. ಅಹಮದಾಬಾದಿನ ಮೂಗ್ ವಿದೇಶದಿಂದ ಬಂದ ಒಂದು ಯಂತ್ರ. ಅದನ್ನು ಬಿಚ್ಚಿ ನೋಡಿ ಎರಡನೆಯದನ್ನು ಇಲ್ಲಿ ಮಾಡುವ ಕಾರ್ಖಾನೆಯಾಗಲಿ, ಕೊಳ್ಳುವ ಕೇಳುಗರಾಗಲಿ ಅದರ ಸುತ್ತ ಹುಟ್ಟಲಿಲ್ಲ. ಕೃತಿಗಳು ಉಳಿದವು, ಕಸುಬು ಉಳಿಯಲಿಲ್ಲ.

ಬೆಂಗಳೂರಿನಲ್ಲಿ ನಡೆದದ್ದು ಇದರ ತಿರುವುಮುರುವು. ಅಲ್ಲಿ ಸಾರಾಭಾಯಿಗಳಂಥ ಪೋಷಕರಿರಲಿಲ್ಲ, ನ್ಯೂಯಾರ್ಕಿನ ಸ್ನೇಹವೂ ಇರಲಿಲ್ಲ. ಇದ್ದದ್ದು ಸರ್ಕಾರಿ ಕಾರ್ಖಾನೆಗಳು: 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್), 1948ರ ಐಟಿಐ, 1954ರ ಬಿಇಎಲ್. ವಿಮಾನ, ಟೆಲಿಫೋನು, ರೇಡಾರುಗಳಿಗಾಗಿ ಈ ಕಾರ್ಖಾನೆಗಳು ಒಂದು ತಲೆಮಾರಿನ ಇಂಜಿನಿಯರುಗಳನ್ನು ಸರ್ಕ್ಯೂಟಿನ ಭಾಷೆಯಲ್ಲಿ ಪಳಗಿಸಿದ್ದವು. ಸಂಜೆಯಾದರೆ ಈ ಇಂಜಿನಿಯರುಗಳಲ್ಲಿ ಹಲವರು ರಾಮನವಮಿಯ ಚಪ್ಪರದಲ್ಲಿ ಕೂತು ಕಛೇರಿ ಕೇಳುವವರು. ಇವೆರಡೂ ಒಬ್ಬರೊಳಗೇ ಕೂಡಿದ್ದು ಜಿ. ರಾಜ್‌ನಾರಾಯಣ್ ಅವರಲ್ಲಿ. ಎಚ್‌ಎಎಲ್‌ನಲ್ಲಿ ಇಂಜಿನಿಯರಾಗಿದ್ದ, ಸ್ವತಃ ಕೊಳಲು ನುಡಿಸುವ ಅವರು 1979ರಲ್ಲಿ ರಾಡೆಲ್ ಕಂಪನಿ ಕಟ್ಟಿದರು. ಅದೇ ವರ್ಷ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಮ್ಮೇಳನದಲ್ಲಿ ತಾವು ಮಾಡಿದ ಎಲೆಕ್ಟ್ರಾನಿಕ್ ತಂಬೂರಿಯನ್ನು ಪ್ರದರ್ಶಿಸಿದರು. ಅಲ್ಲಿಂದ ಮುಂದೆ ತಾಳದ ಯಂತ್ರ, ಕೊನೆಗೆ ಎಲೆಕ್ಟ್ರಾನಿಕ್ ವೀಣೆಯವರೆಗೆ ಒಂದು ಮನೆತನವೇ ಬೆಳೆಯಿತು. ಬೇರೆಯವರೂ ಅದೇ ಮಾಲು ತಯಾರಿಸತೊಡಗಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಕಲಿತ ಗಾಯಕರು ಶ್ರಾವಣ ಮಾಸದ ಪುರಾಣಕ್ಕೆಂದು ಯಲಬುರ್ಗಾ, ಕುಷ್ಟಗಿ, ಕೊಪ್ಪಳಗಳ ಮಠಗಳಿಗೆ ಹೋಗುವಾಗ ಹಾರ್ಮೋನಿಯಂ, ತಬಲಾಗಳ ಜೊತೆ ಈ ಪೆಟ್ಟಿಗೆಯೂ ಬಸ್ಸು ಹತ್ತಿತು. ಪ್ರವಾಸಿಗರ ಸ್ಪೀಕರಿಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಆ ಪೆಟ್ಟಿಗೆ ಮಾಡುವ ಕೆಲಸವನ್ನು ಒಂದೊಂದಾಗಿ ನೋಡೋಣ. ತಂಬೂರಿಯ ನಾಲ್ಕು ತಂತಿಗಳ ಜಾಗದಲ್ಲಿ ನಾಲ್ಕು ದನಿಗಳು. ಅವಕ್ಕೆ ಕಂಪನ ಹುಟ್ಟಿಸುವ ಸರ್ಕ್ಯೂಟು ಬೇಕು, ಅದು ಆಸಿಲೇಟರ್. ಬೆರಳು ಮೀಟಿದಂತೆ ದನಿ ಥಟ್ಟನೆ ಎದ್ದು ನಿಧಾನ ಕರಗಬೇಕು, ಅದಕ್ಕೊಂದು ಭಾಗ. ತಂತಿಯ ಝೇಂಕಾರ ಬರುವಂತೆ ಮೇಲಿನ ಸ್ವರಾಂಶಗಳನ್ನು ಹೆಚ್ಚು ಕಡಿಮೆ ಮಾಡಬೇಕು, ಅದು ಫಿಲ್ಟರಿನ ಕೆಲಸ. ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜ ಎಂದು ಸರದಿ ತಪ್ಪದೆ, ಬೇಕಾದ ವೇಗದಲ್ಲಿ ಮೀಟುತ್ತಿರಬೇಕು, ಅದು ಸೀಕ್ವೆನ್ಸರ್. ನಾಲ್ಕನ್ನೂ ಕೂಡಿಸಿ ಸ್ಪೀಕರಿಗೆ ಕಳಿಸುವುದು ಮಿಕ್ಸರ್. ಎದುರಿಗೆ ತಿರುಪುಗಳು: ಶ್ರುತಿ ಏರಿಸಲು ಇಳಿಸಲು ಒಂದು, ವೇಗಕ್ಕೊಂದು, ಮೊದಲ ತಂತಿಯನ್ನು ಪಂಚಮಕ್ಕೋ ಮಧ್ಯಮಕ್ಕೋ ನಿಷಾದಕ್ಕೋ ಕೂರಿಸಲು ಒಂದು, ಕೂದಲೆಳೆಯಷ್ಟು ತಿದ್ದಲು ಇನ್ನೊಂದು. ಮೂಗ್ ಪೆಟ್ಟಿಗೆಯ ಭಾಗಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಕೆಲಸಗಳೆಲ್ಲ ಒಂದೇ. ವ್ಯತ್ಯಾಸ ಇರುವುದು ಒಂದೇ ಕಡೆ, ಆದರೆ ಅದು ದೊಡ್ಡ ವ್ಯತ್ಯಾಸ: ಮೂಗ್‌ನಲ್ಲಿ ಭಾಗಗಳ ನಡುವಿನ ತಂತಿ ಹೊರಗಿದೆ, ನುಡಿಸುವವರ ಕೈಯಲ್ಲಿದೆ, ಶ್ರುತಿಪೆಟ್ಟಿಗೆಯಲ್ಲಿ ಆ ತಂತಿಯನ್ನು ಇಂಜಿನಿಯರು ಒಳಗೇ ಬೆಸೆದು ಮುಚ್ಚಳ ಹಾಕಿದ್ದಾರೆ. ಅಂದರೆ ಅದು ಒಂದೇ ಜೋಡಣೆಯನ್ನು ಶಾಶ್ವತವಾಗಿ ಬಿಗಿದ ಸಿಂಥಸೈಜರ್. ಮಾಡ್ಯುಲರ್ ಎನ್ನಲಾಗದು, ಸಿಂಥಸೈಜರ್ ಅಲ್ಲ ಎನ್ನುವುದಂತೂ ಇನ್ನೂ ಆಗದು.

ಇದಕ್ಕೆ ಬರುವ ಮೊದಲ ಆಕ್ಷೇಪ ಗೊತ್ತಿರುವಂಥದ್ದೇ. ಸಿಂಥಸೈಜರ್ ಹುಟ್ಟಿದ್ದು ಹಿಂದೆಂದೂ ಕೇಳದ ಸದ್ದಿಗಾಗಿ. ಶ್ರುತಿಪೆಟ್ಟಿಗೆ ತಂಬೂರಿಯ ನಕಲು. ನಕಲನ್ನು ಪ್ರಯೋಗ ಎನ್ನಬಹುದೇ? ಹೀಗೆ ಕೇಳುವವರು ಮೂಗ್‌ನ ಸ್ವಂತ ಚರಿತ್ರೆಯನ್ನು ಮರೆಯುತ್ತಾರೆ. ಆ ಯಂತ್ರವನ್ನು ಜಗತ್ತಿನ ಮನೆಮಾತಾಗಿಸಿದ್ದು 1968ರ ಒಂದು ಧ್ವನಿಮುದ್ರಿಕೆ, ವೆಂಡಿ ಕಾರ್ಲೋಸ್ ಮಾಡಿದ್ದು. ಅದರಲ್ಲಿ ಇದ್ದದ್ದು ಹದಿನೆಂಟನೆಯ ಶತಮಾನದ ಬಾಖ್‌ನ ಸಂಗೀತ. ಹಳೆಯದನ್ನು ನುಡಿಸಿತೆಂದು ಮೂಗ್ ಯಂತ್ರದ ಪದವಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಎರಡನೆಯದಾಗಿ, 1979ರಲ್ಲಿ ನಕಲು ಮಾಡುವುದೂ ಸುಲಭದ ದಾರಿಯಾಗಿರಲಿಲ್ಲ. ನಿಜವಾದ ತಂಬೂರಿಯನ್ನು ಧ್ವನಿಮುದ್ರಿಸಿ, ಚಿಪ್ಪಿನಲ್ಲಿ ತುಂಬಿ, ಬೇಕಾದಾಗ ಹೊರಬಿಡುವ ವಿಧಾನ ಆಗತಾನೇ ಹುಟ್ಟುತ್ತಿತ್ತು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಬಂದ ಫೇರ್‌ಲೈಟ್ ಯಂತ್ರಕ್ಕೆ ಅದು ಸಾಧ್ಯವಿತ್ತು, ಆದರೆ ಬೆಲೆ ಲಕ್ಷಗಳ ಲೆಕ್ಕದ್ದು. ಸಂಗೀತದ ಮೇಷ್ಟರೊಬ್ಬರು ಕೊಳ್ಳಬಹುದಾದ ಬೆಲೆಗೆ ಪೆಟ್ಟಿಗೆ ಕೊಡಬೇಕಾದರೆ ನಾದವನ್ನು ಸರ್ಕ್ಯೂಟಿನಿಂದ, ಬುಡದಿಂದ ಕಟ್ಟಲೇಬೇಕಿತ್ತು. ಬುಡದಿಂದ ಕಟ್ಟಬೇಕಾದರೆ ಆ ನಾದ ಯಾವುದರಿಂದ ಆಗಿದೆ ಎಂದು ಬಿಡಿಸಿ ನೋಡಲೇಬೇಕು. ವಾದ್ಯಗಳಲ್ಲೆಲ್ಲ ಹೀಗೆ ಬಿಡಿಸಲು ಹೋದರೆ ಮೊಂಡು ಹಿಡಿಯುವ ವಾದ್ಯ ಯಾವುದಾದರೂ ಇದ್ದರೆ ಅದು ತಂಬೂರಿ.

ಮೊಂಡುತನ ಎಂಥದ್ದೆಂದು ಮೊದಲು ತೋರಿಸಿಕೊಟ್ಟವರು ಸಿ.ವಿ. ರಾಮನ್. ಬೆಂಗಳೂರಿಗೆ ಬರುವ ಮೊದಲು, ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ ಅವರು ವೀಣೆ ಮತ್ತು ತಂಬೂರಿಗಳ ಬಗ್ಗೆ ಪ್ರಬಂಧವೊಂದನ್ನು ಪ್ರಕಟಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ, ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಸ್ವರಾಂಶಗಳು ಹುಟ್ಟಬಾರದು ಎನ್ನುವುದು ಪಶ್ಚಿಮದ ಭೌತಶಾಸ್ತ್ರದಲ್ಲಿ ಒಪ್ಪಿತವಾಗಿದ್ದ ನಿಯಮ. ತಂಬೂರಿ ಅದನ್ನು ಪಾಲಿಸುವುದಿಲ್ಲ. ಅದರ ಕುದುರೆ ಚೂಪಾಗಿಲ್ಲ, ಅಗಲವಾಗಿ ಬಾಗಿದೆ. ಮೇಲೆ ಸಿಕ್ಕಿಸಿದ ಎಳೆ ದಾರ ತಂತಿಯನ್ನು ಕುದುರೆಯಿಂದ ಕೂದಲಿನಷ್ಟು ಎತ್ತಿ ಹಿಡಿಯುತ್ತದೆ. ಕಂಪಿಸುವ ತಂತಿ ಕುದುರೆಯನ್ನು ಸವರಿ ಸವರಿ ಬಿಡುತ್ತಿರುವುದರಿಂದ ಹುಟ್ಟಬಾರದ ಸ್ವರಾಂಶಗಳೂ ಹುಟ್ಟುತ್ತವೆ. ಹಿಂದುಸ್ತಾನಿಯವರು ಜವಾರಿ ಎನ್ನುವುದು ಇದನ್ನೇ. ದಾರವನ್ನು ಉಗುರಿನಷ್ಟು ಆಚೀಚೆ ಸರಿಸುತ್ತಾ ಕಿವಿಗೊಟ್ಟು ಕೂರುವ ಗಾಯಕ ಆ ಹೊತ್ತಿನಲ್ಲಿ ಮಾಡುತ್ತಿರುವ ಕೆಲಸ, ಸಿಂಥಸೈಜರಿನ ಮುಂದೆ ಫಿಲ್ಟರಿನ ತಿರುಪು ತಿರುಗಿಸುತ್ತಾ ಕೂರುವವರ ಕೆಲಸವೇ: ಸ್ವರವನ್ನು ಬದಲಿಸದೆ ಅದರ ಒಳಗನ್ನು ಬದಲಿಸುವುದು. ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ ಮೃದಂಗ, ತಬಲಾಗಳ ಕರಣೆ ಹೇಗೆ ಚರ್ಮದ ಗೊಂದಲದ ಸದ್ದನ್ನು ಸ್ವರಬದ್ಧ ನಾದವಾಗಿಸುತ್ತದೆ ಎಂಬ ತಮ್ಮ ಹಳೆಯ ಅಧ್ಯಯನವನ್ನೂ ಮುಂದುವರಿಸಿ 1934ರಲ್ಲಿ ಪ್ರಕಟಿಸಿದರು. ಇದನ್ನು ನೆನೆಯುವುದು ರಾಮನ್ ಹೆಸರಿನ ಭಾರಕ್ಕಾಗಿ ಅಲ್ಲ. ಸರ್ಕ್ಯೂಟಿನಿಂದ ತಂಬೂರಿ ಕಟ್ಟಹೊರಟ ಯಾರೇ ಆಗಲಿ ಎದುರಿಸಬೇಕಾದ ಸಮಸ್ಯೆ ಎಷ್ಟು ಆಳದ್ದೆಂದು ಅಳೆಯಲು ಅವರ ಕೆಲಸ ಬೇಕು. ಮೊದಲ ಪೆಟ್ಟಿಗೆಗಳ ದನಿ ತಗಡಿನಂತಿದೆ, ಜೇನುಹುಳದಂತಿದೆ ಎಂದು ಗಾಯಕರು ಮುಖ ಕಿವುಚಿದ್ದು ಸಹಜವೇ. ಆದರೆ ಆ ದೂರುಗಳೇ ಮುಂದಿನ ಮಾದರಿಗಳ ಪಾಠವಾದವು. ಸಾವಿರಾರು ತರಬೇತಾದ ಕಿವಿಗಳು ಒಂದು ಕೃತಕ ನಾದವನ್ನು ದಿನಾ ಗಂಟೆಗಟ್ಟಲೆ ಕೇಳಿ ತಪ್ಪು ಹೇಳುವಂಥ ಪರೀಕ್ಷೆ ಅಹಮದಾಬಾದಿನ ಮೂಗ್‌ಗೆ ಎಂದೂ ಒದಗಲಿಲ್ಲ.

ಇಲ್ಲಿ ಉತ್ತರ ಕರ್ನಾಟಕದ ಓದುಗರಿಗೆ ಹತ್ತಿರದ ಇನ್ನೊಂದು ಸಂಗತಿ ಸೇರುತ್ತದೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ಇಳಿದ ಹಾಡಿಕೆಯ ಹೆಗ್ಗುರುತೇ ಸ್ವರದ ಮೇಲಿನ ನಿಲುಗಡೆ; ಒಂದೊಂದು ಸ್ವರವನ್ನೂ ತಂಬೂರಿಯ ನಾದಕ್ಕೆ ಒರೆಹಚ್ಚಿ ಹಿಡಿಯುವುದು. ಈ ಘರಾಣೆಯ ಇನ್ನೊಂದು ಕವಲಿನವರು, ಅಬ್ದುಲ್ ವಾಹಿದ್ ಖಾನರ ಶಿಷ್ಯ ಪಂಡಿತ್ ಪ್ರಾಣನಾಥ್. ಅವರು 1970ರಲ್ಲಿ ನ್ಯೂಯಾರ್ಕಿಗೆ ಹೋದಾಗ ಶಿಷ್ಯರಾಗಿ ಸಿಕ್ಕವರು ಲಾ ಮಾಂಟೆ ಯಂಗ್, ಮರಿಯನ್ ಜಜೀಲಾ, ಟೆರ‍್ರಿ ರೈಲಿ. ಯಂಗ್ ಆ ಹೊತ್ತಿಗಾಗಲೇ ಆಸಿಲೇಟರುಗಳಿಂದ ದಿನಗಟ್ಟಲೆ ಒಂದೇ ನಾದ ಹರಿಸುವ ಪ್ರಯೋಗದಲ್ಲಿದ್ದರು. ತಂಬೂರಿಯನ್ನು ಕೇಳುವ ಕಿರಾಣಾ ಶಿಸ್ತು ಅವರ ಮೂಲಕ ಪಶ್ಚಿಮದ ಪ್ರಯೋಗಶೀಲ ಎಲೆಕ್ಟ್ರಾನಿಕ್ ಸಂಗೀತದ ಮೂಲಪಾಠಗಳಲ್ಲಿ ಒಂದಾಯಿತು. ಹಾಗಾಗಿ ಯಾವುದು ಎಲ್ಲಿಂದ ಎಲ್ಲಿಗೆ ಬಂತು ಎಂಬ ಲೆಕ್ಕ ಗೋವಾ–ಗಡ್ಡಿ–ಸಾಣಾಪುರ ಎಂಬ ಒಂದೇ ಗೆರೆಯಲ್ಲಿ ಮುಗಿಯುವುದಿಲ್ಲ. ಇಂದು ಯೂರೋಪಿನ ಯಾವುದೋ ಕೋಣೆಯಲ್ಲಿ ಮಾಡ್ಯುಲರ್ ಪೆಟ್ಟಿಗೆಯಿಂದ ಅರ್ಧ ಗಂಟೆ ಒಂದೇ ಷಡ್ಜ ಹೊರಡಿಸುವವರು ತಮಗೆ ತಿಳಿಯದೆಯೇ ಕುಂದಗೋಳದ ದಾಯಾದಿಗಳು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ: ಉಪಕರಣ ಇದ್ದರೆ ಸಾಲದು, ಕೃತಿ ಎಲ್ಲಿ? ಅಹಮದಾಬಾದಿನಲ್ಲಿ ಟೇಪುಗಳಿವೆ. ಮುಂಬಯಿಯಲ್ಲಿ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲಂಡ್ ಕಂಪನಿಯ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಮುದ್ರಿಸಿದ್ದು, 2010ರಲ್ಲಿ ಮರುಮುದ್ರಣವಾದ ಮೇಲೆ ಜಗತ್ತೇ ತಿರುಗಿ ನೋಡಿತು. ಕನ್ನಡ ಸಿನಿಮಾದಲ್ಲಿ 1987ರ ‘ಪ್ರೇಮಲೋಕ’ದೊಂದಿಗೆ ಹಂಸಲೇಖ ಕೀಬೋರ್ಡಿನ ನಾದವನ್ನು ಮನೆಮನೆಯ ಟೇಪ್‌ರೆಕಾರ್ಡರಿಗೆ ತಂದರು, ಅದರ ಬೆನ್ನಿಗೇ ಊರ ಜಾತ್ರೆಯ ಆರ್ಕೆಸ್ಟ್ರಾಗಳೂ ಕ್ಯಾಸಿಯೋ ಕೊಂಡವು. ಶ್ರುತಿಪೆಟ್ಟಿಗೆಗೆ ಮಾತ್ರ ತನ್ನದೆನ್ನುವ ಒಂದು ಕೃತಿಯೂ ಇಲ್ಲ. ಈ ಮಾತನ್ನು ಒಪ್ಪಲೇಬೇಕು. ಅಲ್ಲಿ ಪ್ರಯೋಗ ಮಾಡಿದವರು ಇಂಜಿನಿಯರು. ಸಂಗೀತಗಾರರು ಬಳಸಿದರು, ಅಷ್ಟೇ. ಪೆಟ್ಟಿಗೆಯ ನಾದವನ್ನೇ ಮುಂದಿಟ್ಟು, ಹಾಡನ್ನು ಬದಿಗಿಟ್ಟು ಕೇಳಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಏಕೆ ಅನ್ನಿಸಲಿಲ್ಲ ಎನ್ನುವುದಕ್ಕೂ ಕಾರಣ ಹುಡುಕಬಹುದು. ಕೊಳ್ಳುವವರು ಶಾಸ್ತ್ರೀಯ ಸಂಗೀತದವರು; ಅವರಿಗೆ ಬೇಕಾದದ್ದು ನಿಷ್ಠೆ, ಕುತೂಹಲ ಅಲ್ಲ. ತಂಬೂರಿಗಿಂತ ಬೇರೆಯಾಗಿ ಕೇಳಿಸಿದಷ್ಟೂ ಪೆಟ್ಟಿಗೆ ಸೋತಂತೆ. ಬಿಡಿಭಾಗಗಳ ಆಮದಿಗೆ ಪರವಾನಗಿ ಬೇಕಿದ್ದ ಕಾಲದಲ್ಲಿ, ಯಾರೂ ಕೇಳದ ಸದ್ದಿಗಾಗಿ ಒಂದು ತಿರುಪು ಹೆಚ್ಚಿಗೆ ಹಾಕುವ ಕಂಪನಿಯೂ ಇರಲಿಲ್ಲ. ಮುಚ್ಚಳ ಬಿಗಿಯಾದದ್ದು ಕಲ್ಪನೆಯ ಬಡತನದಿಂದಲ್ಲ, ಮಾರುಕಟ್ಟೆಯಿಂದ. ನಾನು ವಾದಿಸುತ್ತಿರುವುದು ವಾದ್ಯದ ಚರಿತ್ರೆಗಾಗಿ, ಕೃತಿಗಳ ಚರಿತ್ರೆಗಾಗಿ ಅಲ್ಲ. ಎರಡೂ ಬೇಕು, ಆದರೆ ಕೃತಿಗಳ ಪಟ್ಟಿಯನ್ನಷ್ಟೇ ಚರಿತ್ರೆ ಎಂದುಕೊಂಡರೆ ಲಕ್ಷಾಂತರ ಜನ ದಿನವೂ ಕೇಳಿದ ಯಂತ್ರನಾದ ಲೆಕ್ಕಕ್ಕೇ ಬರದೆ ಹೋಗುತ್ತದೆ.

ಲಾಭದ ಜೊತೆ ನಷ್ಟವನ್ನೂ ಬರೆದಿಡಬೇಕು. ಗುರುವಿನ ಬೆನ್ನಿಗೆ ಕೂತು ತಂಬೂರಿ ಮೀಟುತ್ತಿದ್ದ ಶಿಷ್ಯನಿಗೆ ಅದೇ ದೊಡ್ಡ ಪಾಠಶಾಲೆಯಾಗಿತ್ತು. ಪೆಟ್ಟಿಗೆ ಬಂದ ಮೇಲೆ ಆ ಜಾಗ ಖಾಲಿಯಾಯಿತು. ಗಡಿಯಾಚೆಯ ಮೀರಜಿನ ತಂಬೂರಿ ತಯಾರಕರ ಕಸುಬಿಗೂ ಪೆಟ್ಟು ಬಿತ್ತು. ಅವರ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸೋರೆಬುರುಡೆ ಒಣಗಿಸಿ ಕುದುರೆ ತಿದ್ದುವ ಕೈಗಳಿಗೆ ಅದರಿಂದ ಎಷ್ಟು ಆಸರೆ ಸಿಗುತ್ತದೋ ಕಾದು ನೋಡಬೇಕು.

ಸಾಣಾಪುರದ ಸುತ್ತಲ ಕಲ್ಲುಗಳ ವಿಷಯಕ್ಕೆ ಬಾರದೆ ಈ ಮಾತು ಮುಗಿಯದು, ಏಕೆಂದರೆ ಹಂಪಿ ಎಂದೊಡನೆ ಸಂಗೀತದ ಕಂಬಗಳ ಮಾತು ಬಂದೇ ಬರುತ್ತದೆ. ಹೊಳೆಯಾಚೆ ವಿಠ್ಠಲ ದೇವಸ್ಥಾನದ ಮಹಾಮಂಟಪದ ಕಂಬಗಳು ಟೊಳ್ಳೆಂದೂ, ಒಳಗೇನಿದೆ ನೋಡಲು ಬ್ರಿಟಿಷರು ಎರಡನ್ನು ಕೊಯ್ಸಿದರೆಂದೂ ಗೈಡುಗಳು ಹೇಳುತ್ತಾ ಬಂದಿದ್ದಾರೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ತಂಡವೊಂದು ಕಂಬಗಳಿಗೆ ಹಾನಿಯಾಗದ ವಿಧಾನಗಳಿಂದ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅವು ಗಟ್ಟಿ ಕಲ್ಲೇ. ಬಡಿದಾಗ ಕಂಬ ಬಾಗಿ ಕಂಪಿಸುವುದರಿಂದ ನಾದ ಹುಟ್ಟುತ್ತದೆ. ಹೊಳೆಯ ಈಚೆ, ಗಂಗಾವತಿಗೆ ಪಶ್ಚಿಮದ ಹಿರೇಬೆಣಕಲ್ ಬೆಟ್ಟದಲ್ಲಿ ನೂರಾರು ಶಿಲಾಸಮಾಧಿಗಳ ನಡುವೆ, ಎತ್ತರದ ಬಂಡೆಯೊಂದರ ಮೇಲೆ, ಅರ್ಧಗೋಲದ ಕಲ್ಲಿನ ನಗಾರಿ ಇದೆ. ಬಡಿದರೆ ದೂರದವರೆಗೆ ಕೇಳುತ್ತದೆ. ಬಳ್ಳಾರಿ ಬಳಿಯ ಕಪ್ಪಗಲ್ಲಿನಲ್ಲಿ ನವಶಿಲಾಯುಗದವರು ಕಪ್ಪು ಡಾಲರೈಟ್ ಬಂಡೆಗಳನ್ನು ಬಡಿದು ಬಡಿದು ಗುಳಿ ಬೀಳಿಸಿದ್ದಾರೆ; ಆ ಗುಳಿಗಳಲ್ಲಿ ಬಡಿದರೆ ಗಂಟೆಯ ದನಿ ಬರುತ್ತದೆಂದು ನಿಕೋಲ್ ಬೊಯಿವಿನ್ 2004ರಲ್ಲಿ ಬರೆದರು.

ಹಾಗಾದರೆ ನಮ್ಮ ಪೂರ್ವಿಕರಿಗೆ ಸಿಂಥಸೈಜರ್ ಮೊದಲೇ ಗೊತ್ತಿತ್ತು ಎನ್ನೋಣವೇ? ಪುಷ್ಪಕ ವಿಮಾನದ ಸಾಲಿಗೆ ಇನ್ನೊಂದನ್ನು ಸೇರಿಸುವ ಆಸೆ ನನಗಿಲ್ಲ. ಕಲ್ಲಿನ ನಗಾರಿ ಸಿಂಥಸೈಜರ್ ಅಲ್ಲ. ವೋಲ್ಟೇಜಿನಿಂದ ವೋಲ್ಟೇಜನ್ನು ಆಳುವ ಮಾಡ್ಯುಲರ್ ಪೆಟ್ಟಿಗೆ 1960ರ ದಶಕದ ಅಮೆರಿಕದ್ದೇ. ಅದಕ್ಕೆ ಮೊದಲು ಟ್ರಾನ್ಸಿಸ್ಟರ್ ಬೇಕಿತ್ತು, ಅದಕ್ಕೂ ಮೊದಲು ವಿದ್ಯುತ್ತು ಬೇಕಿತ್ತು. ಕಪ್ಪಗಲ್ಲಿನವರಿಗೂ ಎಚ್‌ಎಎಲ್‌ನ ಇಂಜಿನಿಯರಿಗೂ ನಡುವೆ ಯಾವ ಪರಂಪರೆಯ ದಾರವೂ ಇಲ್ಲ. ಕಲ್ಲುಗಳು ನನ್ನ ವಾದಕ್ಕೆ ಸಾಕ್ಷಿಯಾಗುವುದು ಬೇರೆ ರೀತಿಯಲ್ಲಿ. ಈ ಸೀಮೆಯಲ್ಲಿ ನಾದದ ಪ್ರಯೋಗ ಎಂದರೆ ಹೊರಗಿನದು ಎಂಬ ಊಹೆ ಎಷ್ಟು ಸಡಿಲವಾದದ್ದೆಂದು ಅವು ತೋರಿಸುತ್ತವೆ. ಹತ್ತು ಬಂಡೆ ಬಡಿದು ನೋಡಿ, ಇದರಲ್ಲಿ ನಾದ ಇದೆ, ಅದರಲ್ಲಿ ಇಲ್ಲ ಎಂದು ಆರಿಸಿದ ಕಿವಿಗಳು ಇಲ್ಲಿದ್ದವು. ಅಷ್ಟೇ ಸಾಕು, ಅದಕ್ಕಿಂತ ಹೆಚ್ಚಿಗೆ ಹೇಳುವುದು ಅತಿಯಾಗುತ್ತದೆ. ಕಲ್ಲಿಗಿಂತ ಹತ್ತಿರದ ಸಾಕ್ಷಿ ಬೇಕಿದ್ದರೆ ಮುನಿರಾಬಾದಿನ ಬಳಿ ಹುಲಿಗಿಯಲ್ಲಿದೆ. ಹುಲಿಗೆಮ್ಮನ ಜೋಗತಿಯರ ಕೈಯ ಚೌಡಿಕೆಯಲ್ಲಿ ಒಂದೇ ತಂತಿ, ಕೆಳಗೆ ಚರ್ಮ. ತಂತಿಯ ಬಿಗಿ ಬದಲಾದಂತೆ ದನಿ ಮೆಟ್ಟಿಲಿಲ್ಲದೆ ಜಾರುತ್ತದೆ. ಕೀಬೋರ್ಡಿನ ಕಪ್ಪು ಬಿಳಿ ಪಟ್ಟಿಗಳಿಗೆ ಈ ಜಾರಿಕೆ ಸಿಗದು; ಬುಕ್ಲಾ ಕೂಡ ತಮ್ಮ ಯಂತ್ರಕ್ಕೆ ಪಿಯಾನೋ ಮಾದರಿಯ ಕೀಬೋರ್ಡು ಬೇಡವೆಂದಿದ್ದರು. ಚೌಡಿಕೆಗೆ ಕಿವಿ ಪಳಗಿದವರಿಗೆ ಆಸಿಲೇಟರಿನ ಏರಿಳಿತ ವಿಚಿತ್ರವಾಗಿ ಕೇಳಿಸಬೇಕಾಗಿಲ್ಲ.

ಈಗಿನ ಸಾಣಾಪುರಕ್ಕೆ ಬಂದರೆ, ಅಲ್ಲಿನ ಎಲೆಕ್ಟ್ರಾನಿಕ್ ಸದ್ದು ಸರ್ಕಾರಿ ಕಡತಗಳಲ್ಲಿ ಕಾಣಿಸಿಕೊಳ್ಳುವುದು ಒಂದೇ ರೂಪದಲ್ಲಿ: ತೊಂದರೆಯಾಗಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷೇಧಿಸುವ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಇಲ್ಲಿಗೂ ಅನ್ವಯಿಸುತ್ತವೆ, ಅನ್ವಯಿಸಲೂ ಬೇಕು. ಬತ್ತದ ಗದ್ದೆಗೆ ನಸುಕಿನಲ್ಲಿ ಹೋಗಬೇಕಾದವರ ನಿದ್ದೆ ಯಾವ ಕಲೆಗಿಂತಲೂ ಅಗ್ಗವಲ್ಲ. ಆದರೆ ನಿಯಮ ಅಳೆಯುವುದು ಡೆಸಿಬೆಲ್ಲನ್ನು. ಸ್ಪೀಕರಿನಲ್ಲಿ ಬರುವುದು ಟ್ರಾನ್ಸೋ ಭಜನೆಯೋ ಎಂದು ಅದು ಕೇಳುವುದಿಲ್ಲ. ಪ್ರವಾಸಿ ಗದ್ದಲದ ವಿರುದ್ಧ ಇರುವ ನ್ಯಾಯವಾದ ಸಿಟ್ಟನ್ನು ಯಂತ್ರನಾದದ ಮೇಲೇ ತೀರಿಸಿಕೊಳ್ಳುವುದು, ಅದು ನಮ್ಮದಲ್ಲ ಎಂದು ತೀರ್ಮಾನಿಸುವುದು, ಎರಡು ಬೇರೆ ಲೆಕ್ಕಗಳನ್ನು ಒಂದೇ ಪುಸ್ತಕದಲ್ಲಿ ಬರೆದಂತೆ. ಅದೇ ಊರಿನ ದೇವಸ್ಥಾನದ ಭಜನೆಯಲ್ಲಿ ಪೆಟ್ಟಿಗೆಯಿಂದ ಷಡ್ಜ ಬರುತ್ತಿರುವಾಗ ಆ ತೀರ್ಮಾನ ನಿಲ್ಲುವುದಿಲ್ಲ.

ಶ್ರುತಿಪೆಟ್ಟಿಗೆಯ ಚರಿತ್ರೆಯಲ್ಲಿ ನಿಜವಾಗಿ ಕಳೆದುಹೋಗುತ್ತಿರುವುದು ಬೇರೆ. ಚಿಪ್ಪುಗಳು ಅಗ್ಗವಾದ ಮೇಲೆ ಮುದ್ರಿತ ತಂಬೂರಿಯ ದನಿಯನ್ನೇ ಹೊರಬಿಡುವ ಮಾದರಿಗಳು ಬಂದವು; ಆಮೇಲೆ ಮೊಬೈಲಿನ ಆ್ಯಪ್ ಬಂದು ಪೆಟ್ಟಿಗೆಯೇ ಬೇಡವಾಯಿತು. ದನಿ ನಿಜಕ್ಕೆ ಹತ್ತಿರವಾಯಿತು, ಆದರೆ ಆ ಹೊತ್ತಿಗೆ ಅದು ಸಿಂಥಸೈಜರ್ ಆಗಿ ಉಳಿಯಲಿಲ್ಲ, ಧ್ವನಿಮುದ್ರಿಕೆಯಾಯಿತು. ಸರ್ಕ್ಯೂಟಿನಿಂದ ನಾದ ಕಟ್ಟಿದ ಮೊದಲ ತಲೆಮಾರಿನ ಬೋರ್ಡುಗಳು ಗುಜರಿಗೆ ಹೋಗುತ್ತಿವೆ. ಅಹಮದಾಬಾದಿನ ಟೇಪುಗಳನ್ನು ಕಾಪಾಡಲು ಒಂದು ಸಂಸ್ಥೆಯ ಕಪಾಟಾದರೂ ಇತ್ತು; ಗದಗ, ಹುಬ್ಬಳ್ಳಿ, ಗಂಗಾವತಿಗಳ ರಿಪೇರಿ ಅಂಗಡಿಯ ಡಬ್ಬದಲ್ಲಿರುವ ಬೋರ್ಡುಗಳಿಗೆ ಅದೂ ಇಲ್ಲ. ಬೆಂಗಳೂರಿನಲ್ಲಿ ಯಶಸ್ ಶೆಟ್ಟಿಯವರ ಇಂಡಿಯನ್ ಸೋನಿಕ್ ರಿಸರ್ಚ್ ಆರ್ಗನೈಸೇಶನ್‌ನಂಥ ಪ್ರಯತ್ನಗಳಿಂದ ಸಿಂಥಸೈಜರನ್ನು ಕೈಯಿಂದಲೇ ಮಾಡುವ ಕೆಲಸ ಮತ್ತೆ ಚಿಗುರಿದೆ. ಅಂಥವರಿಗೆ ಈ ಹಳೆಯ ಬೋರ್ಡುಗಳಿಗಿಂತ ಒಳ್ಳೆಯ ಪಠ್ಯ ಸಿಗಲಾರದು. ಒಳಗೆ ಬೆಸೆದಿರುವ ತಂತಿಗಳನ್ನು ಬಿಡಿಸಿ, ಆಸಿಲೇಟರಿಗೊಂದು, ಫಿಲ್ಟರಿಗೊಂದು, ಸರದಿ ಹೇಳುವ ಭಾಗಕ್ಕೊಂದು ಕೇಬಲ್ ಚುಚ್ಚುವ ತೂತು ಕೊಟ್ಟರೆ, ವಿದ್ಯುತ್ತಿನ ಮಟ್ಟವನ್ನು ಹೊಂದಿಸಿಕೊಂಡ ಮೇಲೆ, 1979ರ ತಂಬೂರಿ ಯೂರೋರ‍್ಯಾಕ್ ಚೌಕಟ್ಟಿನಲ್ಲಿ ಕೂರುತ್ತದೆ. ಆಗ ಪಂಚಮದ ಜಾಗದಲ್ಲಿ ಚೌಡಿಕೆಯ ಜಾರಿಕೆ ತರಬಹುದು, ನಾಲ್ಕು ತಂತಿಯ ಸರದಿಯನ್ನು ಏಳಕ್ಕೆ ಬೆಳೆಸಬಹುದು, ಜವಾರಿಯನ್ನು ದಾರ ಸರಿಸದೆಯೇ ಇನ್ನೊಂದು ಆಸಿಲೇಟರಿನ ಕೈಗೆ ಕೊಡಬಹುದು. ಅದಕ್ಕೆ ಮೊದಲು ಯಾರಾದರೂ ರಿಪೇರಿ ಅಂಗಡಿಗಳನ್ನು ಸುತ್ತಿ, ಯಾವ ಬೋರ್ಡು ಯಾವ ವರ್ಷದ್ದು, ಯಾವ ಭಾಗ ಯಾವುದಕ್ಕೆ ಬೆಸೆದಿದೆ ಎಂದು ಚಿತ್ರ ಬರೆದಿಡಬೇಕು. ಅವನ್ನು ಬಿಚ್ಚಿ ಬಲ್ಲ ಮೆಕ್ಯಾನಿಕ್ಕುಗಳು ಇನ್ನೂ ಅಂಗಡಿ ತೆರೆದಿರುವಾಗಲೇ.